ಸೆರಗು ಮುಚ್ಚಿದ ಮೊರ

ಅಯ್ಯನವರ ಎಡ ಹೆಗಲು ಬಲ ಹೆಗಲಿಗಿಂತ ತಗ್ಗಾಗಿತ್ತು. ಜೋಳಿಗೆಯ ಪಟ್ಟಿ ಕೂತು ಕೂತು ಅಲ್ಲೊಂದು ಕುಳಿ ಬಿದ್ದು, ಚರ್ಮ ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಕಪ್ಪಾಗಿ ಜಡ್ಡುಗಟ್ಟಿತ್ತು. ವಿಭೂತಿ ಹಚ್ಚಿಕೊಳ್ಳುವಾಗ ಆ ಕುಳಿಯ ಮೇಲೂ ಮೂರು ಬೆರಳು ಎಳೆದುಕೊಳ್ಳುತ್ತಿದ್ದರು. ಜೋಳಿಗೆ ಇಳಿಸಿಟ್ಟ ಮೇಲೂ ಎಡಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು.

ಕಂಪ್ಲಿಯ ಕೋಟೆಯೊಳಗಿದ್ದ ನಮ್ಮ ಓಣಿಗೆ ದಿನಾ ಬೆಳಿಗ್ಗೆ ಭಿಕ್ಷೆಗೆ ಬರುತ್ತಿದ್ದ ಮಠದ ಅಯ್ಯನವರು ಅವರು. ಮೊಣಕಾಲ ಕೆಳಗೆ ಕಟ್ಟಿದ ಜಂಗಿನ ಗಂಟೆ ಕೇಳಿದರೆ ಹೆಂಗಸರು ಮೊರದಲ್ಲಿ ಜೋಳ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಅವರು ಸಾಧುಸ್ವಭಾವದವರು ಎಂದು ಈಗ ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ಮಹಾ ಸಿಡುಕರು. ಹುಳ ಹಿಡಿದ ಜೋಳ ಹಾಕಿದ ಸಾಹುಕಾರನಿಗೆ ಅಂಗಡಿ ಮುಂದೆ ನಿಂತೇ, "ಇದನ್ನ ಮದಲು ನಿನ್ನ ಎತ್ತಿಗೆ ಹಾಕು. ಅದು ತಿಂದ್ರ ನಾನೂ ತಿಂತೀನಿ" ಎಂದು ಜೋಳಿಗೆ ಕೊಡವಿ ಹೋಗಿದ್ದರು. ಮಕ್ಕಳನ್ನು ಮಾತ್ರ ಬೈಯುತ್ತಿರಲಿಲ್ಲ. ನನ್ನ ತಮ್ಮನಿಗಿನ್ನೂ ಮಾತು ಬಂದಿರಲಿಲ್ಲ, ಅವನ ಹಣೆಗೆ ವಿಭೂತಿ ಇಟ್ಟು, "ಏನಪಾ ಸಾಹುಕಾರ, ಅಂಗಡಿ ಯಾವಾಗ ತೆಗಿತಿ?" ಎಂದು ಕೇಳದೆ ಮುಂದಿನ ಮನೆಗೆ ಹೋಗುತ್ತಿರಲಿಲ್ಲ.

ಜರ್ಮನ್ ಯುದ್ಧ ಮುಗಿಯುವ ಹೊತ್ತಿಗೆ ಬಂದ ದೊಡ್ಡ ಜ್ವರದಲ್ಲಿ ಅಪ್ಪ ಹೋದ. ಪೇಟೆಯಲ್ಲಿದ್ದ ಬೆಲ್ಲದ ಅಂಗಡಿ ಅವನ ಹಿಂದೆಯೇ ಹೋಯಿತು. ಮೆಟ್ರಿಯಲ್ಲಿದ್ದ ಸೋದರಮಾವನನ್ನೂ ಅದೇ ಜ್ವರ ನುಂಗಿತು. ಊರಿನ ವ್ಯಾಪಾರಿಗಳು ಅಗಸಿ ಬಾಗಿಲಲ್ಲಿ ಬಡವರಿಗೆಂದು ಅಂಬಲಿಯ ಹಂಡೆ ಇಟ್ಟಿದ್ದರು. ಆದರೆ ಆ ಹಂಡೆಗೆ ಹಿಂದಿನ ವರ್ಷ ಚೀಲಗಟ್ಟಲೆ ಜೋಳ ಕೊಟ್ಟವನು ನನ್ನ ಅಪ್ಪ. ಅವನ ಹೆಂಡತಿ ಅಲ್ಲಿ ಬೋಗುಣಿ ಹಿಡಿದು ಹೇಗೆ ನಿಂತಾಳು? ಅವ್ವ ಹೋಗಲಿಲ್ಲ. ನನ್ನನ್ನೂ ಕಳಿಸಲಿಲ್ಲ.

ಮನೆಯಲ್ಲಿ ಕಾಳು ಪೂರಾ ತೀರಿದ ಬೆಳಿಗ್ಗೆ ಅಯ್ಯನವರು ಬಂದು ನಿಂತರು. ಅವ್ವ ಒಳಗೆ ಗೋಡೆಗೆ ಒರಗಿ ಅಳುತ್ತಿದ್ದಳು. ಭಿಕ್ಷೆಗೆ ಬಂದ ಜಂಗಮನಿಗೆ ಮುಂದಿನ ಮನೆಗೆ ಹೋಗಿ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ.

"ಜಲ್ದಿ ಬಾರವ್ವ, ಬಿಸಲು ಏರಾಕತ್ತೈತಿ!" ಎಂದು ಹೊರಗಿನಿಂದ ಕೂಗಿದರು.

ಅವ್ವ ಬರಿ ಮೊರದ ಮೇಲೆ ಸೆರಗು ಮುಚ್ಚಿಕೊಂಡು ಹೋದಳು. ಎದುರು ಮನೆಯವರಿಗೆ ಕಾಣದಿರಲಿ ಅಂತ. ಅಯ್ಯನವರು ಸೆರಗಿನ ಅಂಚು ಎತ್ತಿ ನೋಡಿದರು. ಓಣಿಗೆ ಬೆನ್ನು ತಿರುಗಿಸಿ ಜೋಳಿಗೆಯ ಬಾಯನ್ನು ಮೊರಕ್ಕೆ ಬಗ್ಗಿಸಿದರು. ಜೋಳ ಸುರಿಯಿತು. ಮತ್ತೆ ಸೆರಗು ಎಳೆದು ಮುಚ್ಚಿ, ಓಣಿಗೆಲ್ಲ ಕೇಳುವ ಹಾಗೆ, "ಸಾಕು ಬಿಡವ್ವ, ಭಾಳ ಹಾಕಿದಿ! ಮನಿಯಾಗ ಮಕ್ಕಳಿಗೆ ಏನಾರ ಇಟ್ಕಾ!" ಎಂದು ಗದರಿದರು.

ಅಂದಿನಿಂದ ದಿನಾ ಅದೇ ಆಟ. ಎದುರಿನ ಕಂಬದ ಮನೆಯ ದೊಡ್ಡವ್ವ, ಗಂಡ ಸತ್ತ ಮೇಲೂ ಓಣಿಗೆಲ್ಲ ಗೌಡಶಾನಿಯಂತಿದ್ದವಳು, ಒಮ್ಮೆ ಅವ್ವನಿಗೆ ಅಂದಿದ್ದಳು: "ನಿನ್ನ ಕೈ ಇನ್ನೂ ದೊಡ್ಡದೈತಿ ಬಿಡವ್ವ." ಅವ್ವ ತಲೆ ತಗ್ಗಿಸಿದ್ದಳು. ಜೋಳಿಗೆ ಮಠಕ್ಕೆ ಹಗುರಾಗಿ ಬರುತ್ತದೆ, ಅಯ್ಯ ಜೋಳ ಮಾರಿಕೊಳ್ಳುತ್ತಾನೆ ಎಂದು ಪೇಟೆಯಲ್ಲಿ ಆಡಿಕೊಂಡರು. ಸಿಡುಕಿನ ಆ ಮನುಷ್ಯ ಈ ಮಾತಿಗೆ ಮಾತ್ರ ಸಿಡುಕಲಿಲ್ಲ.

ಮುಂದಿನ ಚಳಿಗಾಲದಲ್ಲಿ ಜಂಗಿನ ಸದ್ದು ನಿಂತಿತು. ಅಯ್ಯನವರಿಗೂ ಜ್ವರ, ಮಠದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾರೆ ಎಂದರು. ನಮ್ಮ ಮನೆಗೆ ಕಾಳು ಅವರಿಂದಲೇ ಬರುತ್ತದೆ ಎನ್ನುವುದು ಅವರೊಬ್ಬರಿಗೇ ಗೊತ್ತಿತ್ತು. ಅವ್ವ ಮತ್ತು ನಾನು ಹುಣಸೆ ಬೀಜ ಹುರಿದು ತಿಂದೆವು, ಹೊಳೆದಂಡೆಯ ಸೊಪ್ಪು ಕುದಿಸಿಕೊಂಡೆವು. ಅವ್ವನ ಎದೆಯಲ್ಲಿ ಹಾಲು ಬತ್ತಿತು. ಸೊಪ್ಪಿನ ನೀರು ತಮ್ಮನ ಹೊಟ್ಟೆಗೆ ಒಗ್ಗಲಿಲ್ಲ, ಭೇದಿ ಹತ್ತಿತು. ಒಂದು ಸಂಜೆ ಅವ್ವ ಅವನನ್ನು ನನ್ನ ತೊಡೆಯ ಮೇಲೆ ಹಾಕಿ ದೊಡ್ಡವ್ವನ ಮನೆಗೆ ಕೇಳಲು ಹೋದಳು. ಕದ ಮುಚ್ಚಿತ್ತು. ಒಂದು ಸಲ ಬಡಿದಳು, ಯಾರೂ ತೆರೆಯಲಿಲ್ಲ. ಎರಡನೆಯ ಸಲ ಬಡಿಯಲು ಅವಳ ಕೈ ಏಳಲಿಲ್ಲ. ಅವಳು ಮರಳಿ ಬಂದಾಗಲೂ ತಮ್ಮ ನನ್ನ ತೊಡೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಇದ್ದ. ಬೆಳಗಾಗುವುದರೊಳಗೆ ಹೋಗಿಬಿಟ್ಟ.

ಅಯ್ಯನವರು ಗೋಡೆ ಹಿಡಿದು ಹಿಡಿದು ಮತ್ತೆ ಬಂದರು. ಅವ್ವ ಮೊರ ತಂದಳು. ಅವರು ವಿಭೂತಿಗೆ ಕೈ ಹಾಕಿ, "ಎಲ್ಲವ್ವ ನಮ್ಮ ಸಾಹುಕಾರ?" ಎಂದರು.

"ಮಣ್ಣಿಗೆ ಕೊಟ್ವಿ, ಅಯ್ಯನೋರೆ."

ಅವರು ಹೊಸ್ತಿಲ ಮೇಲೆ ಕುಸಿದು ಕೂತರು. ಜೋಳಿಗೆ ಜಾರಿ ನೆಲಕ್ಕೆ ಬಿತ್ತು.

"ಮುಚ್ಚಿ ಮುಚ್ಚಿ ಕೊಟ್ಟೆ ತಂಗಿ. ಯಾರಿಗಾದ್ರೂ ಒಂದು ಮಾತು ಹೇಳಿ ಮಲಗಬೇಕಾಗಿತ್ತು."

"ನಾನೂ ಬಾಯಿ ತೆರೀಲಿಲ್ರಿ" ಅಂದಳು ಅವ್ವ. "ಹಂಡೆಗೆ ಹೋಗಿದ್ರ ಕೂಸು ಉಳೀತಿತ್ತು." ಅವಳ ಕಣ್ಣಲ್ಲಿ ನೀರು ಇರಲಿಲ್ಲ. ಅವರನ್ನು ಸಮಾಧಾನ ಮಾಡುವಷ್ಟು ಶಕ್ತಿಯೂ ಅವಳಲ್ಲಿ ಇರಲಿಲ್ಲ.

ಆಮೇಲೆ ಅಯ್ಯನವರು ಒಂದು ದಿನವೂ ತಪ್ಪಿಸಲಿಲ್ಲ. ಅವ್ವ ಅಕ್ಕಿ ಗಿರಣಿಯಲ್ಲಿ ಕೇರುವ ಕೆಲಸ ಹಿಡಿದಳು; ಕೂಲಿ ಸಾಲದ ದಿನ ಮೊರ ಮುಂದೆ ಬರುತ್ತಿತ್ತು, ಅವರು ಸುರಿಯುತ್ತಿದ್ದರು. ಒಂದು ಶ್ರಾವಣದಲ್ಲಿ ಜ್ವರ ಮತ್ತೆ ಅವರನ್ನು ಹಿಡಿಯಿತು. ನಡುಗುತ್ತಲೇ ಬಂದರು. "ಮಲಗ್ರಿ ಅಯ್ಯನೋರೆ, ಸಾಯ್ತೀರಿ" ಎಂದು ಅವ್ವ ಗೋಗರೆದಳು.

"ಬ್ಯಾಡವ್ವ. ನಾ ಮಲಗಿದ್ರ ಏನಾಗತೈತಿ ಅಂತ ಕಂಡೀನಿ."

ಓಣಿಯ ಕೊನೆಯ ಮನೆ ಮುಗಿಸಿ ಮಠದ ಕಟ್ಟೆಯ ಮೇಲೆ ಜೋಳಿಗೆ ತಲೆದಿಂಬು ಮಾಡಿಕೊಂಡು ಮಲಗಿದವರು ಮತ್ತೆ ಏಳಲಿಲ್ಲ.

ಮಠದ ಮುಂದೆ ಅವರನ್ನು ಕೂರಿಸಿದ್ದರು. ಎದುರಿಗೆ ಅದೇ ಜೋಳಿಗೆ ಬಾಯಿ ತೆರೆದುಕೊಂಡಿತ್ತು. ಅವರು ತಿರುಗಿದ ಓಣಿಗಳವರೆಲ್ಲ ಕಡೆಯದಾಗಿ ಒಂದು ಹಿಡಿ ಹಾಕಲಿ ಎಂದು ಮಠದವರು ಹೇಳಿದ್ದರು. ಹೆಂಗಸರು ಸಾಲಾಗಿ ಬಂದರು. ಉಳ್ಳವರ ಮೊರದಲ್ಲಿ ಜೋಳ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಅವ್ವನೂ ಆ ದಿನ ಗಿರಣಿಯ ಕೂಲಿಯಿಂದ ತಂದ ಕಾಳು ಹಿಡಿದಿದ್ದಳು, ಆದರೂ ರೂಢಿಯ ಕೈ ಮೊರದ ಮೇಲೆ ಸೆರಗು ಎಳೆದಿತ್ತು. ಅದು ಅವಳಿಗೆ ಗೊತ್ತಾದದ್ದು ಎದುರಿಗೆ ಬಂದವಳನ್ನು ನೋಡಿದಾಗ.

ಕಂಬದ ಮನೆಯ ದೊಡ್ಡವ್ವ. ಅವಳ ಮೊರದ ಮೇಲೂ ಸೆರಗಿತ್ತು. ಅವಳ ಹಿಂದಿದ್ದವಳ ಮೊರದ ಮೇಲೂ. ಅತ್ತ ಅಗಸಿ ಓಣಿಯಿಂದ ಬಂದ ಇನ್ನೊಬ್ಬಳ ಮೊರದ ಮೇಲೂ.

ಅವ್ವ ದೊಡ್ಡವ್ವನ ಮುಖವನ್ನೇ ನೋಡುತ್ತ ನಿಂತಳು. ತಮ್ಮನ ಕೊನೆಯ ಸಂಜೆ ಮುಚ್ಚಿದ್ದ ಅವಳ ಕದದ ಹಿಂದೆ ಏನಿತ್ತು, ಏನಿರಲಿಲ್ಲ ಎಂಬುದು ಪರಕಾರ ಉಡುವ ವಯಸ್ಸಿನ ಹುಡುಗಿಯಾಗಿದ್ದ ನನಗೂ ತಿಳಿಯಿತು. ದೊಡ್ಡವ್ವ ಮೊದಲು ಸೆರಗು ಸರಿಸಿದಳು. ಆಮೇಲೆ ಅವ್ವ. ಇಬ್ಬರೂ ಹಿಡಿ ಕಾಳನ್ನು ಜೋಳಿಗೆಗೆ ಹಾಕಿದರು.

ಮರುದಿನ ಬೆಳಿಗ್ಗೆ, ಜಂಗಿನ ಸದ್ದು ಬರಬೇಕಾದ ಹೊತ್ತಿಗೆ, ದೊಡ್ಡವ್ವ ನಮ್ಮ ಬಾಗಿಲಿಗೆ ಬಂದು ನಿಂತಳು. "ಒಲಿ ಹಚ್ಚಿಯೇನವ್ವ ಇವತ್ತು?" ಎಂದು ಕೇಳಿದಳು.

ಅವ್ವ "ಇಲ್ಲ" ಎಂದಳು. ಅವಳ ಬಾಯಿಂದ ಆ ಮಾತು ಹೊರಬಿದ್ದದ್ದು ಅದೇ ಮೊದಲು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ತಮ್ಮ ಹೋದ ದಿನ ಬಾರದ ಅಳುವನ್ನೆಲ್ಲ ಅತ್ತಳು.

ನನಗೀಗ ಮೊಮ್ಮಕ್ಕಳಿದ್ದಾರೆ. ನೆರೆಮನೆಯ ಕದ ಹೊತ್ತೇರಿದ ಮೇಲೂ ತೆರೆಯದಿದ್ದರೆ ಹೋಗಿ ಬಡಿಯುತ್ತೇನೆ, ತೆರೆಯುವ ತನಕ ಬಡಿಯುತ್ತೇನೆ. ಮುದುಕಿಗೆ ಬೇರೆ ಕೆಲಸವಿಲ್ಲ ಎಂದು ಬೈಯುತ್ತಾರೆ. ಬೈಯಲಿ.