ರಸೀದಿಯಮ್ಮನ ಪದ್ಯ

ನೀರು ಸರಬರಾಜು ಕಚೇರಿಯ ದೂರಿನ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತವಳಿಗೆ ಜನ ಇಟ್ಟ ಹೆಸರು ರಸೀದಿಯಮ್ಮ. ನಲ್ಲಿಯಲ್ಲಿ ನೀರಿಲ್ಲವೆಂದು ಬಂದವರ ಅರ್ಜಿಗೆ ಮೊಹರು ಒತ್ತಿ, ಹಳದಿ ಚೀಟಿ ಹರಿದು ಕೊಡುವುದಷ್ಟೇ ಅವಳ ಕೆಲಸ. ಮಿಕ್ಕಿದ್ದೇನೂ ಅವಳ ಕೈಯಲ್ಲಿರಲಿಲ್ಲ. ನೀರು ಬಾರದಿದ್ದರೂ ಬೈಗುಳ ಮಾತ್ರ ದಿನಾ ತಪ್ಪದೆ ಬರುತ್ತಿತ್ತು.

ಮದುವೆಯಾಗಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಎರಡು ಕೋಣೆಯ ಮನೆಯಲ್ಲಿ ಮಾತಿಗೊಂದು ಜೀವ ಉಳಿಯಲಿಲ್ಲ. ಸಂಜೆ ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿ ಪದ್ಯ ಬರೆಯುತ್ತಿದ್ದಳು. ಒಂದು ಬೇಸಿಗೆ, ಆರನೇ ಸಲ ಅರ್ಜಿ ತಂದ ಮುದುಕಿಯೊಬ್ಬಳು ಬೈಯಲಿಲ್ಲ. "ನೀನು ಕೊಟ್ಟ ಚೀಟಿಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದೀನಿ ಕಣಮ್ಮ" ಎಂದಳು. ಆ ಸಂಜೆ ಬರೆದ ಪದ್ಯವನ್ನು ರಸೀದಿಯಮ್ಮ ವಾರಪತ್ರಿಕೆಗೆ ಕಳಿಸಿದಳು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು. ಅದರ ಎರಡು ಸಾಲು ಜನರ ಬಾಯಿಗೆ ಬಿತ್ತು:

ಅರ್ಜಿಗೆ ಮೊಹರು ಬಿತ್ತು, ಕೊಡಕ್ಕೆ ಹನಿ ಬೀಳಲಿಲ್ಲ;
ರಸೀದಿ ಹಿಂಡಿದರೆ ದಾಹ ತೀರುವುದಿಲ್ಲ.

ತಿಂಗಳೊಳಗೆ ಮೆರವಣಿಗೆಯೊಂದು ಅದನ್ನೇ ಕೂಗುತ್ತ ಕಚೇರಿಗೆ ಬಂತು. ಮುಂದೆ ನಿಂತ ಮುಖಂಡ ಕೌಂಟರಿನತ್ತಲೇ ಬೆರಳು ಮಾಡಿ ಗಂಟಲು ಹರಿಯುವಂತೆ ಕೂಗಿದ. ಹಿಗ್ಗಬೇಕೋ ಬಾಗಿಲು ಹಾಕಿಕೊಳ್ಳಬೇಕೋ ತಿಳಿಯದೆ ಅವಳು ಮೊಹರು ಹಿಡಿದೇ ಕೂತಿದ್ದಳು.

ಮರುದಿನ ಸಾಹೇಬರು ಎಲ್ಲರನ್ನೂ ನಿಲ್ಲಿಸಿಕೊಂಡರು. "ಇದು ಒಳಗಿನವರದೇ ಕೈವಾಡ. ಯಾರ್ರೀ ಬರೆದಿದ್ದು?"

ಕಣ್ಣುಗಳೆಲ್ಲ ಸದಾ ಪುಸ್ತಕ ಓದುವ ಮುದಿ ಜವಾನನತ್ತ ತಿರುಗಿದವು. ಅವನ ನಿವೃತ್ತಿಗೆ ಎರಡೇ ವರ್ಷವಿತ್ತು.

"ಅವರಲ್ಲ ಸಾರ್, ನಾನು" ಎಂದಳು ರಸೀದಿಯಮ್ಮ.

"ನೀವಾ?" ಸಾಹೇಬರಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು.

ವಾರದೊಳಗೆ ಅವಳನ್ನು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಹಾಕಿದರು. ಅಲ್ಲಿಗೆ ಯಾರೂ ಬೈಯಲೂ ಬರುತ್ತಿರಲಿಲ್ಲ. ಮಧ್ಯಾಹ್ನ ಅವಳು ಮೇಲೆ ಬಂದರೆ, ಜೊತೆಗೆ ಉಣ್ಣುತ್ತಿದ್ದವರು ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು. ಜವಾನ ಕೂಡ ಮುಖ ತಪ್ಪಿಸಿದ.

ಚುನಾವಣೆಯಲ್ಲಿ ಆ ಮುಖಂಡ ಗೆದ್ದ. ಅವನ ಸನ್ಮಾನದ ಕವಿಗೋಷ್ಠಿಗೆ ಅವಳಿಗೂ ಕರೆ ಬಂತು. ವೇದಿಕೆಯ ಪಕ್ಕ ಅವನೇ ಬಗ್ಗಿ ಮೆಲ್ಲಗೆ ಹೇಳಿದ: "ಅಮ್ಮಾ, ಆ ನೀರಿನ ಪದ್ಯ ಬೇಡ. ಈಗ ಇರೋದು ನಾವೇ ಅಲ್ವಾ? ಹೂವು, ಹಕ್ಕಿ ಅಂತ ಏನಾದ್ರೂ ಓದಿ."

"ನೀರು ಬಂತಾ?"

"ಬರತ್ತಮ್ಮ, ಸ್ವಲ್ಪ ಟೈಮ್ ಬೇಕು."

"ಹಾಗಾದ್ರೆ ಅದನ್ನೇ ಓದ್ತೀನಿ."

ಸಭೆ ಮುಗಿಯುವವರೆಗೂ ಅವಳ ಹೆಸರು ಕರೆಯಲಿಲ್ಲ. ಬಸ್ಸು ಹಿಡಿದು ಮನೆಗೆ ಬಂದಳು.

ಭಾನುವಾರ ಪಕ್ಕದೂರಿನಿಂದ ಅಕ್ಕ ಫೋನ್ ಮಾಡಿದಳು. "ಪದ್ಯ ಬರೆದು ಏನೇ ಬಂತು ನಿಂಗೆ? ಇದ್ದ ಜನಾನೂ ದೂರ ಆದ್ರು."

"ಮೊದಲು ತಾನೇ ಯಾರಿದ್ರು ಅಕ್ಕಾ?"

ಆ ಕಡೆ ಅಕ್ಕ ಟೀವಿ ಆರಿಸಿದಳು. "ಸರಿ, ಓದು. ನಾನು ಕೇಳ್ತೀನಿ."

ರಸೀದಿಯಮ್ಮ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಒಂದಕ್ಷರ ಬಿಡದೆ ಓದಿದಳು.

"ನಮ್ಮನೇಲೂ ನಾಲ್ಕು ದಿನದಿಂದ ನೀರಿಲ್ಲ ಕಣೇ" ಎಂದಳು ಅಕ್ಕ.

ಆ ದಿನ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಫೋನ್ ಇಟ್ಟ ಮೇಲೆ ಮನೆ ಮತ್ತೆ ಗಪ್‌ಚಿಪ್ಪಾಯಿತು.