ಅತ್ತೆಯ ಕಿವಿಗೊಪ್ಪುವ ದನಿ

ನಾನು ಮೊದಲು ಕಂಡ ದಿನ ನಮ್ಮೂರ ಗ್ರಂಥಾಲಯದ ಸಹಾಯಕಿ ಹಳೆಯ ಕಂಪ್ಯೂಟರಿನ ಮುಂದೆ ಕೆನ್ನೆಗೆ ಕೈಯಿಟ್ಟು ಕುಳಿತಿದ್ದಳು. ಪಕ್ಕದಲ್ಲಿ ಅವಳ ಅತ್ತೆ. ಕಾದಂಬರಿಯೊಂದನ್ನು ಅರ್ಧ ಓದುವಷ್ಟರಲ್ಲಿ ಅವರ ಕಣ್ಣು ಪೂರ್ತಿ ಮಂಜಾಗಿತ್ತು. ಪುಸ್ತಕವನ್ನು ಗಟ್ಟಿಯಾಗಿ ಓದುವ ತಂತ್ರಾಂಶವೇನೋ ಇತ್ತು. ಅದರ ಓಟಕ್ಕೆ ಅತ್ತೆಯ ಕಿವಿ ಸೋತಿತ್ತು. ನಿಧಾನಿಸುವ ಗುಂಡಿ ಅದಕ್ಕಿರಲಿಲ್ಲ.

ಆದರೆ ಅದರ ಮೂಲ ಸಂಕೇತವನ್ನು, ಅಂದರೆ ಅದನ್ನು ಬರೆದಿರುವ ಸಾಲುಗಳನ್ನು, ಯಾರು ಬೇಕಾದರೂ ಪಡೆದು ತಿದ್ದಬಹುದಿತ್ತು. ಸೊಸೆ ಅದನ್ನು ಇಳಿಸಿಕೊಂಡು, ವೇಗ ತಗ್ಗಿಸಿ, ತಂತ್ರಾಂಶವನ್ನು ಹೊಸದಾಗಿ ಕಟ್ಟಿದಳು. ಪರದೆಯ ಮೇಲೆ ಸಾಲುಗಳು ಹರಿದು ನಿಂತವು. ಒಂದೂ ತಪ್ಪಿಲ್ಲ. ಆದರೂ ಕೇಳಿದ್ದು ಅದೇ ಗಡಿಬಿಡಿಯ ದನಿ!

"ಇದಕ್ಕೇನು ಬಸ್ಸು ತಪ್ಪಿ ಹೋಗುತ್ತೇನೇ? ಬಿಡು, ನನ್ನ ಓದು ಇಲ್ಲಿಗೆ ಮುಗೀತು," ಎಂದರು ಅತ್ತೆ.

"ಹಾಗನ್ಬೇಡಿ ಅತ್ತೆ. ಎಲ್ಲಾ ಸರಿಯಾಗೇ ಮಾಡಿದೀನಿ."

"ಮಾಡಿರ್ತೀಯ. ಬಡಿಸಿದೆಯಾ? ಅಡುಗೆ ಮಾಡಿ ಒಲೆ ಮೇಲೇ ಮರೆತು ಬರೋಳಲ್ವಾ ನೀನು!"

ಸೊಸೆ ನಾಲಿಗೆ ಕಚ್ಚಿಕೊಂಡಳು. ಕಟ್ಟಿದ್ದನ್ನು ಹಳೆಯದರ ಜಾಗದಲ್ಲಿ ಕೂರಿಸುವ ಕೊನೆಯ ಆಜ್ಞೆಯನ್ನೇ ಅವಳು ಕೊಟ್ಟಿರಲಿಲ್ಲ. ಇಷ್ಟು ಹೊತ್ತೂ ಓದುತ್ತಿದ್ದುದು ಹಳೆಯದೇ. ಆಜ್ಞೆ ಕೊಟ್ಟಳು. ಹೊಸ ದನಿ ಅವಸರವಿಲ್ಲದೆ, ಅತ್ತೆಯ ಓದು ನಿಂತ ಪುಟದಿಂದಲೇ ಕಥೆ ಹೇಳತೊಡಗಿತು. ಅತ್ತೆ ತಡಕಾಡಿ ಸೊಸೆಯ ಕೈ ಹಿಡಿದುಕೊಂಡರು.

ಈಗ ಅವಳು ಕಣ್ಣು ಮಂದವಾದ ಬೇರೆ ಓದುಗರಿಗೂ ಅವರವರ ಕಿವಿಗೊಪ್ಪುವಂತೆ ಅದನ್ನು ಕಟ್ಟಿಕೊಡುತ್ತಾಳೆ. ಪ್ರತಿಸಲವೂ ಕಿಟಕಿಯ ಬಳಿಯ ಕುರ್ಚಿಯಿಂದ ಅತ್ತೆ ಕೂಗಿ ಕೇಳುತ್ತಾರೆ: "ಬಡಿಸಿದೆಯೇನೇ?"