ಗೋಡೆಯಾಚೆಯ ವೈಫೈ

ಮೊನ್ನೆ ಅಟ್ಟದಿಂದ ಹಳೆಯ ಲ್ಯಾಪ್‌ಟಾಪ್ ಇಳಿಸಿದೆ. ನಾನೀಗ ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುವವಳು. ವೈಫೈ ಪಾಠಕ್ಕೆ ಹಳತು, ಹೊಸತು ಎರಡನ್ನೂ ಮಕ್ಕಳೆದುರು ಇಡೋಣ ಎಂದುಕೊಂಡಿದ್ದೆ. ಮುಚ್ಚಳ ತೆರೆದರೆ ಕೀಲಿಗಳ ಸಂದಿಯಲ್ಲಿ ಕೆಂಪು ಅರಗು ಬೆರೆತ ಮರದ ಪುಡಿ... ಪಕ್ಕದ ಮನೆಯ ಚಾಚಾ ನೆನಪಾದರು.

ಚನ್ನಪಟ್ಟಣದಲ್ಲಿ ನಮ್ಮ ಮನೆಗೂ ಅವರ ಮನೆಗೂ ಇವತ್ತಿಗೂ ಒಂದೇ ಗೋಡೆ. ಅವರು ಗೊಂಬೆ ಮಾಡುವವರು. ನಾನು ಬಿ.ಎಡ್. ಓದುವಾಗ ತರಗತಿಗಳೆಲ್ಲ ಆನ್‌ಲೈನ್ ಆದವು. ನಮ್ಮಲ್ಲಿ ನೆಟ್ ಇರಲಿಲ್ಲ, ನನ್ನದು ಕೀಪ್ಯಾಡ್ ಫೋನು. ಚಾಚಾ ತಾವೇ ಕರೆದು ಗೊಂಬೆ ಕಡೆಯುವ ಲೇತ್ ಮಿಷನ್ನಿನ ಪಕ್ಕ ಜಾಗ ಕೊಟ್ಟರು. ಎರಡೇ ದಿನಕ್ಕೆ ವೈಫೈ ಡಬ್ಬಿಯನ್ನು ಕಿತ್ತು ನಮ್ಮ ಕಡೆಯ ಗೋಡೆಗೆ ಹೊಡೆಸಿದರು. "ನಿಮ್ಮನೇಲೇ ಕೂತ್ಕಂಡು ಓದಮ್ಮಾ, ಇಲ್ಲಿ ಬರೀ ಧೂಳು" ಎಂದರು. ರಂಜಾನಿಗೆ ಅವರ ಮನೆಯಿಂದ ಸುರ್ಕುಂಬಾ ಪಾಯಸ ಬಂದ ಪಾತ್ರೆಯನ್ನು ನಾವೆಂದೂ ಬರಿದಾಗಿ ಕಳಿಸಿದವರಲ್ಲ. ಏನಾದರೂ ಸಿಹಿ ತುಂಬಿಯೇ ವಾಪಸ್.

ಪರೀಕ್ಷೆ ಹತ್ತಿರ ಬಂದಾಗ ಚಾಚಾ ಗೋಡೆಯಾಚೆಯಿಂದ ಕೂಗಿದರು: "ಹೊಸಾ ಡಬ್ಬಿ ಹಾಕ್ಸಿವ್ನಿ ಕಣಮ್ಮಾ, ನಿಂಗೆ ಸ್ಪೀಡ್ ಬರ್ಲಿ ಅಂತ. ಪಾಸ್‌ವರ್ಡ್ ಹಳೇದೇ ಐತೆ."

ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಬೀದಿಯವರ ವೈಫೈ ಹೆಸರೆಲ್ಲ ಇತ್ತು, ಅವರದೊಂದೇ ಇಲ್ಲ. ಬಾಯಿಮಾತಿಗೆ ಕರೆದು ಹಿಂದಿನಿಂದ ಬಚ್ಚಿಟ್ಟರು ಎಂದುಕೊಂಡೆ. ನನಗೋ ಮೂಗಿನ ತುದಿಯಲ್ಲೇ ಕೋಪ, ಬಾಯಿಬಿಟ್ಟು ಕೇಳಲಿಲ್ಲ. ವಾರ ಕಳೆದು ಅವರೇ ಕೇಳಿದರು, "ಚೆನ್ನಾಗಿ ಬತ್ತೈತಾ ನೆಟ್ಟು?"

"ನಿಮ್ದೇನೂ ಬೇಡ ಬಿಡಿ" ಎಂದು ಬಾಗಿಲು ಹಾಕಿಕೊಂಡೆ. ಆ ಸಲ ರಂಜಾನಿನ ಪಾತ್ರೆಯನ್ನು ತೊಳೆದು ಬರಿದಾಗಿಯೇ ಕಳಿಸಿದೆ. ಮುಂದಿನ ವರ್ಷ ಪಾತ್ರೆ ಬರಲಿಲ್ಲ. ಅದರ ಮರುವರ್ಷ ಚಾಚಾನೇ ಇರಲಿಲ್ಲ...

ಮೊನ್ನೆ ಎರಡೂ ಲ್ಯಾಪ್‌ಟಾಪುಗಳನ್ನು ಅಕ್ಕಪಕ್ಕ ಇಟ್ಟೆ. ವೈಫೈ ಅಲೆಗಳಲ್ಲಿ ಎರಡು ಬಗೆ, ಹಳೆಯದಕ್ಕೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಒಂದೇ. ನಿಧಾನವಾದರೂ ಗೋಡೆ ಚೆನ್ನಾಗಿ ದಾಟುವ ಬ್ಯಾಂಡ್ ಅದು. ವೇಗದ 5 ಗಿಗಾಹರ್ಟ್ಸಿನ ವೈಫೈ ಎದುರಿಗೇ ಇದ್ದರೂ ಅದಕ್ಕೆ ಕಾಣದು. ಹೊಸದರಲ್ಲಿ ಮಾತ್ರ ಚಾಚಾ ಮನೆಯ ಹೆಸರು ಮೂಡಿತು. ಅವರ ಮಗ ಈಗಲೂ ಅದೇ ಡಬ್ಬಿ ಇಟ್ಟುಕೊಂಡಿದ್ದಾನೆ. ವಿವರ ತೆರೆದೆ: 5 ಗಿಗಾಹರ್ಟ್ಸ್. ಚಾಚಾ ಸ್ಪೀಡ್ ಬೇಕು ಎಂದರೆಂದು ಡಬ್ಬಿ ಹಾಕಿದವನು ಅದೊಂದನ್ನೇ ಇಟ್ಟುಹೋಗಿರಬೇಕು. ಚಾಚಾಗೆ ಅದೆಲ್ಲ ಏನು ಗೊತ್ತು? ಆಗ ನನಗೂ ಗೊತ್ತಿರಲಿಲ್ಲ.

ಹಳೆಯ ಪಾಸ್‌ವರ್ಡ್ ಒತ್ತಿದೆ. ಕನೆಕ್ಟ್ ಆಯಿತು.

"ಚಾಚಾ, ನೆಟ್ ಕಾಣ್ತಿಲ್ಲ, ಒಸಿ ನೋಡಿ" ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ಮಿಷನ್ ನಿಲ್ಲಿಸಿ, ಲುಂಗಿಗೆ ಕೈ ಒರೆಸಿಕೊಂಡು ಬಂದೇಬಿಡುತ್ತಿದ್ದರು.